ಅವರ ಕೈಗೊಂದು ಬ್ರೇಕು

ಬ್ರೇಕ್ ಹಿಡಿದರೆ ಗಾಡಿ ನಿಲ್ಲಬೇಕು, ಅಷ್ಟೇ ತಾನೇ? ಅದರಲ್ಲಿ ಇಷ್ಟೊಂದು ಜಾತಿ, ಇಷ್ಟೊಂದು ಪಂಗಡ ಯಾಕಿರಬೇಕು ಅಂತ ನನಗೆ ಈಗಲೂ ಅರ್ಥವಾಗಿಲ್ಲ. ಆದರೂ ನಮ್ಮ ಯಜಮಾನರ ಎಲೆಕ್ಟ್ರಿಕ್ ಸೈಕಲ್ಲಿಗೆ ಬ್ರೇಕ್ ಆರಿಸಿದವಳು ನಾನೇ. ಹುಟ್ಟಿದಾಗಿನಿಂದ ಸೈಕಲ್ ಹತ್ತಿದವಳಲ್ಲ, ಸ್ಕೂಟರಿನ ಹಿಂದೆ ಕೂತರೂ ಕಣ್ಣು ಮುಚ್ಚಿಕೊಂಡೇ ಕೂರುವವಳು. ಅಂಥವಳ ತಲೆಗೆ ಈ ಕೆಲಸ ಬಂದು ಬಿತ್ತು ನೋಡಿ.

ಹೋದ ವರ್ಷ ಅವರಿಗೆ ಸಣ್ಣದಾಗಿ ಲಕ್ವ ಹೊಡೆದಿತ್ತು. ಸೊಟ್ಟಗಾಗಿದ್ದ ಬಾಯಿ ವಾರದಲ್ಲಿ ಸರಿಹೋಯಿತು, ಕಾಲು ಎರಡು ತಿಂಗಳಲ್ಲಿ ಸರಿಹೋಯಿತು, ಬಲಗೈ ಮಾತ್ರ ಸತಾಯಿಸಿಬಿಟ್ಟಿತು. ಮಹದೇವಪುರದ ಪ್ರೆಸ್ ಶಾಪಿನಲ್ಲಿ ಮೂವತ್ತು ವರ್ಷ ತಗಡು ಒತ್ತಿದ ಕೈ ಅದು. ಈಗ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಆಗದೆ, "ಕಚ್ಕೊಂಡೈತೆ ಕಣೇ" ಅಂತ ನನ್ನ ಕಡೆ ತಳ್ಳುತ್ತಿದ್ದರು. ನಾನು ತಿರುಗಿಸಿದರೆ ಸಲೀಸಾಗಿ ಬರೋದು. ಬಂದರೂ "ಅಬ್ಬಬ್ಬಾ, ಏನು ಬಿಗಿ!" ಅಂತ ಸುಳ್ಳೇ ಮುಖ ಕಿವುಚುತ್ತಿದ್ದೆ. ಕೈಯ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ. ಎತ್ತಿದರೆ ಮನುಷ್ಯ ತಟ್ಟೆ ಬಿಟ್ಟು ಎದ್ದು ಹೋಗೋರು.

ಸ್ಕೂಟರ್ ಮುಟ್ಟಬೇಡಿ ಅಂದರು ಡಾಕ್ಟರು. ಅಲ್ಲಿಗೆ ಅವರ ಬೆಳಗಿನ ಟೀ ನಿಂತಿತು. ಹೂಡಿ ಹತ್ತಿರ ಒಂದು ಟೀ ಅಂಗಡಿ ಇದೆ, ಪ್ರೆಸ್ ಶಾಪಿನ ಹಳೇ ಜೊತೆಗಾರರು ದಿನಾ ಅಲ್ಲಿ ಸೇರುತ್ತಾರೆ. ಒಂದು ಗಂಟೆ ಕೂತು ಲೋಕವನ್ನೆಲ್ಲ ಬೈದು ಬರುತ್ತಾರೆ. ಅದೊಂದು ಇಲ್ಲದೇ ಹೋದದ್ದಕ್ಕೆ ನಮ್ಮವರು ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಾಡಿಗೆಯವರು ಹೋಗೋದು ಬರೋದು ನೋಡುತ್ತಾ ಕೂರಲು ಶುರುಮಾಡಿದರು. ಅದನ್ನು ನೋಡಲಾರದೆ ಮಗಳು ಈ ಎಲೆಕ್ಟ್ರಿಕ್ ಸೈಕಲ್ ತಂದುಕೊಟ್ಟಳು. "ಅಪ್ಪಾ, ಇದು ಸೈಕಲ್ಲೇ, ಮೋಟರು ಬರೀ ಸಹಾಯಕ್ಕೆ" ಅಂದಳು. ಡಾಕ್ಟರೂ ಹೂಂ ಅಂದರು, ನಿಧಾನವಾಗಿ ಹೋಗಿ ಅಂದರು. ಕುರ್ಚಿ ಒಳಗೆ ಹೋಯಿತು.

ಎಂಟನೇ ದಿನವೋ ಒಂಬತ್ತನೇ ದಿನವೋ, ಅಂಗಳ ಗುಡಿಸುವಾಗ ಅವರ ಚಪ್ಪಲಿ ಎತ್ತಿಟ್ಟೆ. ಬಲಗಾಲಿನ ಹಿಮ್ಮಡಿ ಸವೆದು ತೆಳ್ಳಗಾಗಿಹೋಗಿತ್ತು. ಹೊಸ ಚಪ್ಪಲಿ! ಮಾರನೇ ದಿನ ಮಹಡಿ ಮೇಲೆ ನಿಂತು ನೋಡಿದೆ. ಬೀದಿಯ ತಿರುವಿನಲ್ಲಿ ನೀರಿನ ಟ್ಯಾಂಕರ್ ಎದುರಾಯಿತು. ಇವರು ಬ್ರೇಕ್ ಹಿಡಿದರು, ಸಾಲಲಿಲ್ಲ, ಕಾಲನ್ನು ನೆಲಕ್ಕೆ ಕೊಟ್ಟು ಉಜ್ಜಿಕೊಂಡು ನಿಂತರು. ಕೈಗೆ ಬಲ ಸಾಲದು, ಹೇಳಿದರೆ ಸೈಕಲ್ ಕಿತ್ತುಕೊಳ್ಳುತ್ತಾರೆ ಅಂತ ಬಾಯಿ ಮುಚ್ಚಿಕೊಂಡಿದ್ದಾರೆ. ಕಿತ್ತುಕೊಂಡರೆ ಮತ್ತೆ ಆ ಕುರ್ಚಿ. ಕಿತ್ತುಕೊಳ್ಳದಿದ್ದರೆ ಒಂದಲ್ಲ ಒಂದು ದಿನ ಟ್ಯಾಂಕರಿನ ಕೆಳಗೆ. ಉಳಿದದ್ದು ಒಂದೇ ದಾರಿ, ಬ್ರೇಕ್ ಬದಲಾಯಿಸಬೇಕು, ಅದೂ ಅವರ ಕೈಯ ಸುದ್ದಿ ಎತ್ತದೆ.

ಯಾರನ್ನು ಕೇಳೋದು? ಪಟ್ಟಂದೂರು ಅಗ್ರಹಾರದಲ್ಲಿ ಮನೆ ಓನರ್‌ಗೆ ಅದೊಂದು ಅನುಕೂಲ ಇದೆ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರು ಅಂತಸ್ತು ಎದ್ದಿದೆ, ಅದರ ತುಂಬಾ ಓದಿಕೊಂಡವರು. ಬೆಳಗ್ಗೆ ಸಂಪಿನ ಮೋಟರ್ ಹಾಕಿ ಗೇಟಿಗೆ ಅಡ್ಡ ನಿಂತರೆ, ಉತ್ತರ ಹೇಳದೆ ಯಾವ ಬೈಕೂ ಆಚೆ ಹೋಗುವ ಹಾಗಿಲ್ಲ.

ಎರಡನೇ ಮಹಡಿಯ ಸಾಫ್ಟ್‌ವೇರ್‌ನವನು, ಭಾನುವಾರವಾದರೆ ಬಿಗಿ ಚಡ್ಡಿ ಹಾಕಿಕೊಂಡು ನಂದಿಬೆಟ್ಟದ ತನಕ ಸೈಕಲ್ ತುಳಿಯೋನು. ಅವನನ್ನೇ ಮೊದಲು ಹಿಡಿದೆ.

"ಆಂಟಿ, ಹೈಡ್ರಾಲಿಕ್ ಡಿಸ್ಕ್ ಬಿಟ್ರೆ ಬೇರೇನೂ ನೋಡ್ಲೇಬೇಡಿ. ಒಳಗೆ ವೈರ್ ಇರಲ್ಲ, ಎಣ್ಣೆ ಇರುತ್ತೆ. ಎಣ್ಣೇನೇ ಒತ್ತುತ್ತೆ. ಒಂದೇ ಬೆರಳಲ್ಲಿ ಸಕ್ಕತ್ತಾಗಿ ನಿಲ್ಲುತ್ತೆ."

ಒಂದೇ ಬೆರಳು! ನನ್ನ ಕಿವಿ ನೆಟ್ಟಗಾಯಿತು. ಅಷ್ಟರಲ್ಲಿ ಕೆಳಗಿನ ಮನೆಯವನು, ಕಂಪನಿ ಕ್ಯಾಬ್ ಓಡಿಸೋನು, ಕಾರಿನ ಗಾಜು ಒರೆಸುತ್ತಿದ್ದವನು ನಕ್ಕುಬಿಟ್ಟ.

"ಅದೆಲ್ಲಾ ಶೋಕಿ ಕಣಮ್ಮ. ಈಗಿರೋ ಕೇಬಲ್ ಡಿಸ್ಕೇ ಇರ್ಲಿ. ಕೇಬಲ್ ಕಿತ್ಕೊಂಡ್ರೆ ಯಾವ ಅಂಗಡೀಲಾದ್ರೂ ಹಾಕ್ಕೊಡ್ತಾರೆ. ನಿಮ್ಮ ಎಣ್ಣೆ ಬ್ರೇಕ್ ಒಳಗೆ ಗಾಳಿ ಸೇರ್ಕೊಂಡ್ರೆ ಮುಗೀತು, ಲಿವರ್ ಪುಸಕ್ ಅಂತ ಒಳಗೆ ಹೋಗುತ್ತೆ, ಗಾಡಿ ಮುಂದೆ ಹೋಗ್ತಾ ಇರುತ್ತೆ."

ಎದ್ದ ಕಿವಿ ಬಿದ್ದುಹೋಯಿತು. ಆಗ ಮೂರನೇ ಮಹಡಿಯ ಹೆಣ್ಣುಮಗಳು ಇಳಿದು ಬಂದಳು. ಅವಳ ಕೆಲಸವೇ ಬ್ಯಾಟರಿ ಗಾಡಿಗಳ ಕಂಪ್ಯೂಟರ್‌ದಂತೆ. "ಆಂಟಿ, ಕೆಲವು ಸೈಕಲ್‌ಗಳಲ್ಲಿ ಮೋಟರ್ರೇ ಬ್ರೇಕ್ ಹಿಡಿಯುತ್ತೆ" ಅಂದಳು.

"ಓಡಿಸೋ ಮೋಟರ್ರೇ ನಿಲ್ಸುತ್ತಾ?"

"ಹೌದು ಆಂಟಿ, ಬ್ರೇಕ್ ಒತ್ತಿದಾಗ ಕರೆಂಟು ವಾಪಸ್ ಬ್ಯಾಟರಿಗೆ ಹೋಗುತ್ತೆ."

ನಾನು ಕಣ್ಣು ಕಣ್ಣು ಬಿಟ್ಟೆ. "ನಮ್ ಸೈಕಲ್ಲಲ್ಲಿ ಅದಿದೆಯಾ ಹಾಗಾದ್ರೆ?"

"ಚೆಕ್ ಮಾಡ್ಬೇಕು."

ಇವರಿಗೆ ಎಲ್ಲವೂ ಗೊತ್ತು, ಕೊನೆಗೆ ಎಲ್ಲವನ್ನೂ ಚೆಕ್ ಮಾಡಬೇಕು! ಅವರವರಲ್ಲೇ ವಾದ ಹತ್ತಿಕೊಂಡಿತು. ಬಿಸಿಯಾದರೆ ಏನಾಗುತ್ತೆ, ಮಳೇಲಿ ಏನಾಗುತ್ತೆ, ಮೋಟರಿನ ವೇಗಕ್ಕೆ ಎಂಥ ಡಿಸ್ಕ್ ಬೇಕು ಅಂತ ಅರ್ಧ ಇಂಗ್ಲಿಷು, ಅರ್ಧ ಕನ್ನಡ, ನಡುವೆ ನಡುವೆ ತೆಲುಗು. ನಾನು ಕರೆಂಟ್ ಬಿಲ್ಲಿನ ಹಿಂದೆ ಬರೆದುಕೊಳ್ಳಲು ಹೋಗಿ, ಯಾವುದು ಬೇಕು ಯಾವುದು ಬೇಡ ಅನ್ನೋದೇ ಅದಲುಬದಲಾಗಿ, ತಲೆ ಕೆಟ್ಟು ಕೆರ ಹಿಡಿದು ಹೋಯಿತು. ಇತ್ತ ಮಹಡಿ ಮೇಲಿನ ಟ್ಯಾಂಕು ತುಂಬಿ ನೀರು ಗೋಡೆ ಮೇಲೆ ಸುರಿಯುತ್ತಿತ್ತು. ಮೋಟರ್ ಆರಿಸಿ, ಸಿಟ್ಟೆಲ್ಲ ಅವರ ಮೇಲೆ ತೀರಿಸಿಕೊಂಡು, ಎಲ್ಲರನ್ನೂ ಕೆಲಸಕ್ಕೆ ಓಡಿಸಿದೆ.

ಕಾಡುಗೋಡಿ ಕಡೆ ಒಂದು ಸೈಕಲ್ ಅಂಗಡಿ. ಸರ್ವಿಸ್ ಮಾಡಿಸೋಣ ಬನ್ನಿ ಅಂತ ಸುಳ್ಳು ಹೇಳಿ ಅವರನ್ನೂ ಕರೆದುಕೊಂಡು ಹೋದೆ. ಅಂಗಡಿಯ ಮೆಕ್ಯಾನಿಕ್ ನರೆತ ಗಡ್ಡದ ಸಮಾಧಾನದ ಮನುಷ್ಯ. ಬ್ರೇಕ್ ಬದಲಾಯಿಸಬೇಕು ಅಂದದ್ದಕ್ಕೆ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದ. ಎಷ್ಟು ದೂರ ಹೋಗ್ತೀರಾ, ಇಳಿಜಾರು ಇದೆಯಾ, ಹಿಂದೆ ಯಾರಾದ್ರೂ ಕೂರ್ತಾರಾ. ಎಲ್ಲಕ್ಕೂ ಪಟಪಟ ಹೇಳಿದೆ. ಆಮೇಲೆ ಕೇಳಿದ ನೋಡಿ, "ಈಗಿರೋ ಬ್ರೇಕಲ್ಲಿ ಏನು ತೊಂದ್ರೆ ಅಕ್ಕ? ಹಿಡೀತಿದೆಯಲ್ಲ, ಚೆನ್ನಾಗೇ ಇದೆ."

ನಾನು ಅವರ ಮುಖ ನೋಡಿದೆ. ಅವರು ಗೋಡೆಗೆ ನೇತುಹಾಕಿದ್ದ ಟೈರ್ ನೋಡುತ್ತಿದ್ದರು. ಆ ಕ್ಷಣ ಏನು ಹೇಳಲಿ? ಇರುವ ಒಂದೇ ಕಾರಣವನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೇಳದಿದ್ದರೆ ಅವನು ಸರಿಯಾದದ್ದು ಕೊಡುವುದು ಹೇಗೆ?

"ನಂಗೆ ಬೇಕಿತ್ತು" ಅಂದುಬಿಟ್ಟೆ. "ನಾನೂ ಓಡ್ಸೋದು ಕಲೀತಾ ಇದೀನಿ. ನನ್ ಬಲಗೈಗೆ ಬಲ ಸ್ವಲ್ಪ ಕಮ್ಮಿ."

ನಮ್ಮವರು ಟೈರ್ ಬಿಟ್ಟು ನನ್ನ ಕಡೆ ತಿರುಗಿದರು.

"ಅಂಗ್ ಹೇಳಿ ಮತ್ತೆ" ಅಂದ ಮೆಕ್ಯಾನಿಕ್. ಮುಂದಿನ ಬ್ರೇಕು ಬಲಗೈಗೆ, ಹಿಂದಿನದು ಎಡಗೈಗೆ, ಹೆಚ್ಚು ಕೆಲಸ ಮಾಡೋದು ಮುಂದಿನದೇ ಅಂತ ವಿವರಿಸಿದ. ಬೇರೆ ಎರಡು ಸೈಕಲ್ ಎಳೆದು ನಿಲ್ಲಿಸಿ, "ಎರಡರ ಲಿವರ್ರೂ ಒತ್ತಿ ನೋಡಿ ಅಕ್ಕ" ಅಂದ. ಅವರ ಕೈಯ ಬಲಕ್ಕೆ ಸರಿಹೋಗಲಿ ಅಂತ ನಾನು ಉಂಗುರದ ಬೆರಳು, ಕಿರುಬೆರಳು ಎರಡರಲ್ಲೇ ಒತ್ತಿದೆ. ಕೇಬಲ್‌ದು ಅರ್ಧಕ್ಕೇ ನಿಂತಿತು. ಹೈಡ್ರಾಲಿಕ್‌ದು ಮೆತ್ತಗೆ ಒಳಗೆ ಹೋಗಿ ಚಕ್ರವನ್ನು ಕಚ್ಚಿ ಹಿಡಿಯಿತು. ಇದೇ ಇರಲಿ ಅಂದೆ. ಮೋಟರ್ರೇ ಹಿಡಿಯುತ್ತಂತಲ್ಲ ಅದೇನು ಅಂತಲೂ ಕೇಳಿದೆ. "ನಿಮ್ಮದು ಅಂಥಾದಲ್ಲ. ಲಿವರ್ ಒತ್ತಿದ್ರೆ ಮೋಟರ್ ಆಫ್ ಆಗೋ ವೈರ್ ಇದೆ, ಅದನ್ನ ಹೊಸದಕ್ಕೂ ಸೇರಿಸ್ತೀನಿ" ಅಂದ. ಸಂಜೆಗೆ ಎರಡೂ ಚಕ್ರಕ್ಕೆ ಕೂರಿಸಿ, ಇನ್ನೇನೇನೋ ಹೇಳಿದ. ಒಳಗೆ ಎಣ್ಣೆ ಇದೆ, ಕಡಿಮೆಯಾದರೆ ತನ್ನಿ ಅಂದದ್ದೊಂದು ತಲೆಯಲ್ಲಿ ನಿಂತಿತು. ಉಳಿದದ್ದಕ್ಕೆಲ್ಲ ತಲೆ ಆಡಿಸಿಕೊಂಡು ಬಂದೆ.

ಬ್ರೇಕ್ ಹಿಡಿಯಿತು ಕಣ್ರೀ! ಚಪ್ಪಲಿ ಸವೆಯುವುದು ನಿಂತಿತು. ದಿನಾ ಟೀ ಕುಡಿದು ಬಂದು, ಯಾರು ಏನಂದರು, ಯಾರ ಮಗಳಿಗೆ ಗಂಡು ಬಂತು ಅಂತ ಅಡುಗೆಮನೆ ಬಾಗಿಲಿಗೆ ಒರಗಿ ಹೇಳೋರು. ನಾನು ಒಗ್ಗರಣೆ ಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಲಕ್ವ ಹೊಡೆದ ಮೇಲೆ ನಾನು ನೆಮ್ಮದಿಯಾಗಿದ್ದದ್ದು ಆ ಒಂದೂವರೆ ತಿಂಗಳು.

ಆಯುಧ ಪೂಜೆ ಬಂತು. ಇವರು ಕೆಲಸದಲ್ಲಿದ್ದಾಗ ವರ್ಷಕ್ಕೊಂದು ದಿನ, ಆಯುಧ ಪೂಜೆಯ ದಿನ, ಮನೆಯವರನ್ನೂ ಪ್ರೆಸ್ ಶಾಪಿನ ಒಳಗೆ ಬಿಡುತ್ತಿದ್ದರು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆ. ಇವರ ಮೆಷಿನ್ ಎಲ್ಲಕ್ಕಿಂತ ಹೊಳೆಯುತ್ತಿತ್ತು. ಹಿಂದಿನ ದಿನವೇ ಬಟ್ಟೆಗೆ ಎಣ್ಣೆ ಮುಟ್ಟಿಸಿ ಮೂಲೆಮೂಲೆ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿರುತ್ತಿದ್ದರು. "ಕಬ್ಬಿಣಕ್ಕೆ ಎಣ್ಣೆ ಕಾಣಿಸ್ಬೇಕು ಕಣೇ, ಆಗ್ಲೇ ಅದು ನಮ್ಮ ಮಾತು ಕೇಳೋದು" ಅಂತ ಅವರೇ ನನಗೆ ಹೇಳಿದ್ದು. ಪುರಿ, ಬಾಳೆಹಣ್ಣು, ಸ್ವೀಟ್ ಡಬ್ಬ ಹಿಡಿದುಕೊಂಡು ಮನೆಗೆ ಬರುತ್ತಿದ್ದೆವು.

ಈಗ ಪೂಜೆ ನಮ್ಮ ಗೇಟಿನ ಮುಂದೆ. ಬಾಡಿಗೆಯವರ ಬೈಕು, ಕ್ಯಾಬು, ಸ್ಕೂಟಿ ಎಲ್ಲ ಸಾಲಾಗಿ ನಿಲ್ಲುತ್ತವೆ, ಮಂಗಳಾರತಿ ಎತ್ತೋದು ಓನರಮ್ಮನೇ. ಅವರವರ ಗಾಡಿ ಅವರವರು ತೊಳೆದುಕೊಂಡಿದ್ದರು. ಸೈಕಲ್ಲಿನ ಜವಾಬ್ದಾರಿ ನಾನೇ ತೆಗೆದುಕೊಂಡೆ. ಇವರು ಸ್ನಾನಕ್ಕೆ ಹೋಗಿದ್ದಾಗ ತೊಳೆದು ಒರೆಸಿ, ಹಳೇ ಬನಿಯನ್ ತುಂಡಿಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಕಬ್ಬಿಣ ಇರುವ ಕಡೆಯೆಲ್ಲ ಸವರಿದೆ. ನನ್ನ ಗಂಡನ ಜೀವ ಕಾಯುವುದು ಚಕ್ರದ ನಡುವಿನ ಆ ಎರಡು ಡಿಸ್ಕ್ ಬಿಲ್ಲೆ ತಾನೇ, ಅವಕ್ಕೆ ಎರಡೆರಡು ಸಲ. ಹೇಗಿದ್ದರೂ ಆ ಬ್ರೇಕು ನಡೆಯುವುದೇ ಎಣ್ಣೆಯ ಮೇಲೆ, ಇನ್ನಷ್ಟು ಒಳ್ಳೆಯದೇ ಆಗುತ್ತೆ ಅಂತ ನನ್ನ ಬುದ್ಧಿ. ಒಂದೊಂದಕ್ಕೂ ಮೂರು ಬೊಟ್ಟು ಕುಂಕುಮ ಇಟ್ಟೆ.

ಹಬ್ಬದ ಎರಡು ದಿನ ಟೀ ಅಂಗಡಿ ಮುಚ್ಚಿತ್ತು. ಮೂರನೇ ದಿನ ಬೆಳಗ್ಗೆ ಹೋದರು. ಅರ್ಧ ಗಂಟೆಗೆಲ್ಲ ಸೈಕಲ್ ತಳ್ಳಿಕೊಂಡು ವಾಪಸ್ ಬಂದರು.

"ಪಂಕ್ಚರ್ರಾ?"

"ಇಲ್ಲ."

"ಮತ್ತೆ?"

"ಟ್ರಾಫಿಕ್ ಜಾಸ್ತಿ" ಅಂತ ಒಳಗೆ ಹೋದರು. ಸೈಕಲ್ಲನ್ನು ಸಂಪಿನ ಪಕ್ಕ ನಿಲ್ಲಿಸಿ, ಮೇಲೊಂದು ಹಳೇ ಬೆಡ್‌ಶೀಟ್ ಹೊದಿಸಿದ್ದರು. ಮಾರನೇ ದಿನವೂ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಸೆಖೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದರು. ಮಧ್ಯಾಹ್ನ ಹಿಂದಿನ ಕೋಣೆಗೆ ಮಡಿಸಿದ ಬಟ್ಟೆ ಇಡಲು ಹೋದರೆ, ಗೋಡೆಗೆ ಮುಖ ಮಾಡಿ ಕೂತು, ಆಸ್ಪತ್ರೆಯಲ್ಲಿ ಕೊಟ್ಟಿದ್ದ ರಬ್ಬರ್ ಚೆಂಡನ್ನು ಬಲಗೈಯಲ್ಲಿ ಒತ್ತುತ್ತಿದ್ದರು. ಬಿಟ್ಟು ಎಷ್ಟೋ ತಿಂಗಳಾಗಿದ್ದ ಚೆಂಡು. ಅಯ್ಯೋ ದೇವರೇ, ಕೈ ಮತ್ತೆ ಹೋಯಿತು ಅಂದುಕೊಂಡೆ.

ಜಗಳ ಮಾಡಿ, ಅತ್ತು, ಮಗಳಿಗೆ ಫೋನ್ ಮಾಡ್ತೀನಿ ಅಂತ ಹೆದರಿಸಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರು ತಮ್ಮ ಎರಡು ಬೆರಳು ಕೊಟ್ಟು ಹಿಂಡಿ ಅಂದರು. ಹಿಂಡಿದರು. "ಹೋದ ಸಲಕ್ಕಿಂತ ಬಲ ಬಂದಿದೆಯಲ್ರೀ, ಯಾಕೆ ಗಾಬರಿ?" ಅಂದರು. ನನಗೆ ದಿಕ್ಕೇ ತೋಚಲಿಲ್ಲ. ಕೈ ಚೆನ್ನಾಗಿದ್ದರೆ ಚೆಂಡು ಯಾಕೆ, ಬೆಡ್‌ಶೀಟ್ ಯಾಕೆ? ವಾಪಸ್ ಬರುವಾಗ ಆಟೋದಲ್ಲೇ ಹಿಡಿದುಕೊಂಡೆ, ಹೇಳದಿದ್ದರೆ ಇಳಿಯೋದೇ ಇಲ್ಲ ಅಂದೆ.

"ಡಾಕ್ಟ್ರಿಗೇನ್ ಗೊತ್ತು" ಅಂದರು. "ಐಟಿ ಪಾರ್ಕಿನ ಗೇಟ್ ತಾವ ಇಳಿಜಾರೈತಲ್ಲ, ಒಂದು ಹೆಣ್ಣುಮಗು ಅಡ್ಡ ಬಂತು, ಕಿವಿಗೆ ವೈರ್ ಸಿಕ್ಕಿಸ್ಕೊಂಡು. ಜೀವ ಬಿಟ್ಟು ಹಿಡ್ದೆ ಕಣೇ, ಎರಡೂ ಬ್ರೇಕು. ನಿಲ್ಲಲೇ ಇಲ್ಲ. ಬ್ಯಾರಿಕೇಡ್‌ಗೆ ಗುದ್ದಿ ಬಿದ್ದೆ. ಆ ಮಗು ಒಂದು ಗೇಣಲ್ಲಿ ಉಳ್ಕೊಂತು." ತೋಳು ಎತ್ತಿ ತೋರಿಸಿದರು, ಮೊಣಕೈಯಿಂದ ಕೆಳಗೆ ತರಚಿಹೋಗಿತ್ತು. "ಈ ಕೈ ಇನ್ನು ನಂಬೋ ಅಂಗಿಲ್ಲ. ನಾನೇನಾದ್ರೂ ಆಗ್ಲಿ, ಇನ್ನೊಬ್ಬರ ಮನೆ ಮಗು."

ಮನೆಗೆ ಬಂದವಳೇ ಗಾಯಕ್ಕೆ ಅರಿಶಿನ ಹಚ್ಚಿ, ಸೈಕಲ್ಲಿನ ಮೇಲಿನ ಬೆಡ್‌ಶೀಟ್ ಕಿತ್ತು, ಅದನ್ನು ತಳ್ಳಿಕೊಂಡು ಹೊರಟೆ. ಸಿಟ್ಟು ನೆತ್ತಿಗೇರಿತ್ತು. ಕೈಲಾಗದವರಿಗೆ ಅಂತ ಹೇಳಿಯೇ ತೆಗೆದುಕೊಂಡ ಬ್ರೇಕ್ ತಾನೇ? ಇನ್ನೂ ಹಗುರಾದದ್ದು ಇದ್ದರೆ ಹಾಕಿಸಬೇಕು, ಇಲ್ಲದಿದ್ದರೆ ಆ ಮೆಕ್ಯಾನಿಕ್‌ನ ಗ್ರಹಚಾರ ಬಿಡಿಸಬೇಕು. ಕಾಡುಗೋಡಿಯ ತನಕ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋದೆ, ಹೋದ ತಕ್ಷಣ ಬಾಯಿಗೆ ಬಂದ ಹಾಗೆ ಅಂದೆ.

ಅವನು ಚಕ್ರ ತಿರುಗಿಸಿ ಲಿವರ್ ಒತ್ತಿದ. ತಿರುಗುತ್ತಲೇ ಇತ್ತು. ಡಿಸ್ಕಿನ ಮೇಲೆ ಬೆರಳು ಎಳೆದು, ಮೂಗಿನ ಹತ್ತಿರ ಹಿಡಿದ.

"ಅಕ್ಕ, ಕೊಬ್ಬರಿ ಎಣ್ಣೆ."

"ಹೂಂ, ಏನೀಗ? ಪೂಜೆ ಮಾಡಿದ್ದೆ."

"ಒಳಗಿನ ಎಣ್ಣೆ ಹೊರಗೆ ಬರ್ಬಾರ್ದು, ಹೊರಗಿನ ಎಣ್ಣೆ ಇದನ್ನ ಮುಟ್ಟಬಾರ್ದು. ಪ್ಯಾಡು ಇದನ್ನ ಉಜ್ಜಿ ಹಿಡಿದ್ರೆ ತಾನೇ ನಿಲ್ಲೋದು? ಎಣ್ಣೆ ಕುಡಿದ ಪ್ಯಾಡಲ್ಲಿ ಪೈಲ್ವಾನ್ ಹಿಡಿದ್ರೂ ನಿಲ್ಲಲ್ಲ. ಅವತ್ತೇ ಹೇಳಿದ್ದೆ, ನೀವು ತಲೆ ಆಡ್ಸಿದ್ರಿ. ಪ್ರತಿ ಸಲ ಹಬ್ಬ ಆದ್ಮೇಲೆ ಹಿಂಗೆ ಮಾಡ್ಕೊಂಡು ಬರೋರು ಇದ್ದೇ ಇರ್ತಾರೆ ಅಕ್ಕ."

ಅವನು ಏನೋ ದ್ರವ ಹಾಕಿ ಡಿಸ್ಕ್ ತೊಳೆದು, ಎರಡೂ ಕಡೆ ಹೊಸ ಪ್ಯಾಡ್ ಹಾಕುವ ತನಕ ಅಂಗಡಿಯ ಸ್ಟೂಲಿನ ಮೇಲೆ ಬೆಪ್ಪಿಯ ಹಾಗೆ ಕೂತಿದ್ದೆ. ಆ ಹೆಣ್ಣುಮಗು ಒಂದು ಗೇಣಲ್ಲಿ ಉಳಿದದ್ದೇ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಸಂಜೆ ಮನೆಗೆ ಬಂದಾಗ ಇವರು ಗೇಟಿನ ಹತ್ತಿರವೇ ನಿಂತಿದ್ದರು. ನಿಂತಲ್ಲೇ ಹೇಳಿಬಿಟ್ಟೆ. "ರೀ, ನಿಮ್ ಕೈದೇನೂ ತಪ್ಪಿಲ್ಲ. ಡಿಸ್ಕಿಗೆ ಎಣ್ಣೆ ಹಚ್ಚಿದ್ದು ನಾನು. ಹಬ್ಬದ ದಿನ. ಪೈಲ್ವಾನ್ ಹಿಡಿದ್ರೂ ನಿಲ್ತಿರ್ಲಿಲ್ವಂತೆ."

ಬೈಯುತ್ತಾರೆ ಅಂದುಕೊಂಡಿದ್ದೆ, ಬೈದರೆ ಸಾಕು ಅಂದುಕೊಂಡಿದ್ದೆ. ಅವರು ಎರಡೂ ಕೈ ಮುಂದೆ ಹಿಡಿದುಕೊಂಡು ನೋಡುತ್ತಾ ನಿಂತರು.

"ಎರಡೂ ಬ್ರೇಕ್ ಹಿಡ್ದಿದ್ದೆ ಕಣೇ" ಅಂದರು. "ಎಡಗೈಗೆ ಏನಾಗಿತ್ತು? ಎಡಗೈ ನೆಟ್ಟಗೇ ಐತಲ್ಲ. ಅದು ಹಿಡ್ದದ್ದೂ ನಿಲ್ಲಲಿಲ್ಲ. ನಾನು ಮಾತ್ರ ಇಷ್ಟು ದಿನ ಬಲಗೈ ಮೇಲೇ ಹೇಳ್ತಾ ಇದ್ದೆ."

ಮೂವತ್ತು ವರ್ಷ ಮೆಷಿನ್ ಜೊತೆ ಬಾಳಿದ ಮನುಷ್ಯನಿಗೆ ಅದು ಹೊಳೆಯಲಿಲ್ಲ. ಆಟೋದಲ್ಲಿ ಎರಡೂ ಬ್ರೇಕು ಅಂತ ಅವರ ಬಾಯಿಂದಲೇ ಕೇಳಿಯೂ ನನಗೂ ಹೊಳೆಯಲಿಲ್ಲ. ಇಬ್ಬರೂ ಕಾಯುತ್ತಿದ್ದವರ ಹಾಗೆ ಆ ಒಂದು ಕೈಯ ಮೇಲೇ ಬಿದ್ದಿದ್ದೆವು. ನನಗೆ ಅಳು ಬಂತು. ನಿಮ್ಮ ಕೈ ಮೇಲೆ ನನಗೇನೂ ಅನುಮಾನ ಇರಲಿಲ್ಲ ಅಂತ ಹೇಳಬೇಕು ಅನ್ನಿಸಿತು. ಬಾಯಲ್ಲಿ ಹೇಳಿದರೆ ಸುಳ್ಳಾಗುತ್ತೆ ಅಂತ, "ಈಗ ಓಡ್ಸಿ ನೋಡಿ. ನಾನೇ ಎದುರಿಗೆ ನಿಂತ್ಕೋತೀನಿ" ಅಂದುಬಿಟ್ಟೆ.

"ಹುಚ್ಚೇನೇ ನಿಂಗೆ?"

"ಬನ್ರೀ ಅಂದ್ರೆ!"

ಬೀದಿಯ ಆ ತುದಿಗೆ ಹೋಗಿ ತಿರುಗಿಸಿಕೊಂಡರು. ನಾನು ನಮ್ಮ ಗೇಟಿನ ಮುಂದೆ ನಡುಬೀದಿಯಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತೆ. ಬಂದರು, ಸಾಕಷ್ಟು ಜೋರಾಗೇ ಬಂದರು. ಹತ್ತು ಮಾರು, ಐದು ಮಾರು. ಅವರ ಬಲಗೈ ಬೆರಳುಗಳು ಲಿವರ್ ಮೇಲೆ ಮಡಚಿಕೊಂಡದ್ದು ನನಗೆ ಕಾಣಿಸಿತು. ಸೈಕಲ್ ನಿಂತಿತು, ನಾನು ನಿಂತಿದ್ದ ಜಾಗಕ್ಕೆ ಇನ್ನೂ ಒಂದು ಮಾರು ಇರುವಾಗಲೇ.

ಆದರೆ ಅಲ್ಲಿ ನಾನಿರಲಿಲ್ಲ. ಯಾವಾಗ ಸರಿದೆನೋ ಗೊತ್ತಿಲ್ಲ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಅವರು ಖಾಲಿ ಜಾಗವನ್ನೂ ನನ್ನನ್ನೂ ನೋಡಿದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅವರು ಕೋಪ ಮಾಡಿಕೊಳ್ಳಲಿಲ್ಲ, ನಗಲೂ ಇಲ್ಲ. ಸೈಕಲ್ ಹಿಂದಕ್ಕೆ ತಿರುಗಿಸಿದರು.

"ಇನ್ನೊಂದ್ಸಲ ನಿಂತ್ಕೋ" ಅಂದರು.